ಕೈಪಂಪ್ ಆಯಿಲ್ ಎಕ್ಸ್‌ಟ್ರಾಕ್ಟರ್ ತಗೊಂಡು ಮನೇಲೇ ಆಯಿಲ್ ಚೇಂಜ್ ಮಾಡ್ದೆ, ಹೇಗಿದೆ ಅಂತ ಹೇಳ್ತೀನಿ

ಹೋದ ವರ್ಷ ಒಂದು ಗ್ಯಾರೇಜ್‌ನಲ್ಲಿ ಆಯಿಲ್ ಚೇಂಜ್ ಮಾಡ್ಸಿದ್ದೆ, ಇಂಜಿನ್ ತಳದಲ್ಲಿ ಆಯಿಲ್ ತುಂಬಿರೋ ಚೇಂಬರ್‌ಗೆ ಇರೋ, ಹಳೇ ಆಯಿಲ್ ಇಳಿಸೋಕೆ ಬಿಚ್ಚೋ ನಟ್‌ನ ಸಿಕ್ಕಾಪಟ್ಟೆ ಟೈಟ್ ಮಾಡಿ ತ್ರೆಡ್ಡೇ ಹಾಳು ಮಾಡಿದ್ರು, ನಮಗೆ ಗೊತ್ತಾಗಿದ್ದು ಅಮ್ಮ ಬೆಳಗ್ಗೆ ರಂಗೋಲಿ ಹಾಕೋಕೆ ಹೋದಾಗ ಅಂಗಳದಲ್ಲಿ ಕಪ್ಪು ಕಲೆ ಕಂಡ ಮೇಲೆ. ಚೇಂಬರ್ರೇ ಬದಲಾಯಿಸ್ಬೇಕಾಯ್ತು. ಆವತ್ತೇ ತೀರ್ಮಾನ ಮಾಡ್ದೆ, ಇನ್ಮೇಲೆ ಆ ನಟ್‌ನ ಪ್ರತಿ ಸಲ ಬಿಚ್ಚೋದು ಬೇಡ, ಮೇಲಿಂದ್ಲೇ ಆಯಿಲ್ ತೆಗೆಯೋ ಪಂಪ್ ತಗೊಳೋಣ ಅಂತ. 6 ಲೀಟರ್ ಟ್ಯಾಂಕ್ ಇರೋದು ಆನ್‌ಲೈನಲ್ಲಿ 3,200ಕ್ಕೆ ಸಿಕ್ತು, ಈಗ ಎರಡು ಸಲ ಯೂಸ್ ಮಾಡಿದೀನಿ.

ನಂದು ಪೆಟ್ರೋಲ್ ಸ್ವಿಫ್ಟ್, 1.2 ಲೀಟರ್ ಇಂಜಿನ್. ಮ್ಯಾನ್ಯುಯಲ್ ಪ್ರಕಾರ 0ಡಬ್ಲ್ಯು-20 ಗ್ರೇಡ್ (ಆಯಿಲ್ ಎಷ್ಟು ತೆಳು ಅನ್ನೋ ಗುರುತು) ಆಯಿಲ್, ಫಿಲ್ಟರ್ ಸೇರಿ ಮೂರು ಲೀಟರ್ ಚಿಲ್ಲರೆ ಹಿಡಿಯುತ್ತೆ, 3.5 ಲೀಟರ್ ಕ್ಯಾನ್ ಒಂದು ಸಾಕು.

ಮೊದಲ್ನೇ ಸಲ ಇಂಜಿನ್ ತಣ್ಣಗಿದ್ದಾಗ್ಲೇ ಪಂಪ್ ಹೊಡೆದೆ, ಆಯಿಲ್ ಬರೋದೇ ಇಲ್ಲ, ಕೈ ನೋವು ಬಂತು. ಆಮೇಲೆ ಐದು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ತೆಗೆದು ಆ ತೂತಲ್ಲಿ ಸಣ್ಣ ಪೈಪ್ ಇಳಿಸ್ದೆ, ತಳಕ್ಕೆ ತಾಗಿದ್ದು ಕೈಗೆ ಗೊತ್ತಾಗುತ್ತೆ. ಇಪ್ಪತ್ತು ಸಲ ಪಂಪ್ ಮಾಡಿದ್ರೆ ಟ್ಯಾಂಕ್ ಒಳಗಿನ ಗಾಳಿ ಹೋಗಿ ಆಮೇಲೆ ಆಯಿಲ್ ತಾನಾಗೇ ಎಳ್ಕೊಂಡು ಬರುತ್ತೆ, ನಾವು ಸುಮ್ನೆ ನಿಂತ್ಕೊಂಡು ನೋಡೋದಷ್ಟೇ, ಹದಿನೈದು ನಿಮಿಷದಲ್ಲಿ ಮುಗೀತು. ಪೈಪ್‌ನ ಸ್ವಲ್ಪ ಮೇಲೆ ಕೆಳಗೆ ಮಾಡಿ ತಿರುಗಿಸಿದ್ರೆ ಇನ್ನೊಂಚೂರು ಬರುತ್ತೆ, ಅದನ್ನ ಬಿಡ್ಬೇಡಿ. ನನಗೆ ಬಂದಿದ್ದು 2.8 ಲೀಟರ್.

ಬೇಜಾರಾಗಿದ್ದು ಏನಂದ್ರೆ ಟ್ಯಾಂಕ್ ಮೇಲಿನ ಲೀಟರ್ ಗುರುತು ಕಣ್ಣಿಗೇ ಕಾಣಲ್ಲ, ಕರೀ ಆಯಿಲ್ ಒಳಗಿದ್ರೆ ಟಾರ್ಚ್ ಹಿಡಿದು ನೋಡ್ಬೇಕು. ಪೈಪ್ ಜಾಯಿಂಟ್ ಒಂಚೂರು ಲೂಸ್ ಇದ್ರೂ ಗಾಳಿ ಎಳೆಯುತ್ತೆ. ಸುರಿಯೋ ಬಾಯಿಯಂತೂ ತೊಟ್ಟಿಕ್ಕುತ್ತೆ, ಕೆಳಗೆ ಹಳೇ ಪೇಪರ್ ಹಾಸಿ.

ಇನ್ನೊಂದು ಮುಖ್ಯ ವಿಷ್ಯ, ಆಯಿಲ್ ಫಿಲ್ಟರ್ ಬದಲಾಯಿಸೋ ಕೆಲ್ಸ ಈ ಪಂಪ್‌ನಿಂದ ಆಗಲ್ಲ. ನನ್ನ ಕಾರಲ್ಲಿ ನಾನು ಕೆಳಗಿಂದ್ಲೇ ಬಿಚ್ತೀನಿ, ಅದಕ್ಕೆ ವೆಲ್ಡಿಂಗ್ ಶಾಪಲ್ಲಿ ಎರಡು ಕಬ್ಬಿಣದ ರ‍್ಯಾಂಪ್ ಮಾಡ್ಸಿ ಮುಂದಿನ ಚಕ್ರ ಹತ್ತಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಆಮೇಲೆ ಕೆಳಗೆ ಹೋಗ್ತೀನಿ. ಕಾರ್ ಜೊತೆ ಕೊಟ್ಟಿರೋ ಜಾಕ್ ಒಂದನ್ನೇ ನಂಬ್ಕೊಂಡು ಯಾರೂ ಕಾರ್ ಕೆಳಗೆ ಹೋಗ್ಬೇಡಿ, ಅದು ಪಂಕ್ಚರ್ ಆದಾಗ ಟೈರ್ ಬದಲಾಯಿಸೋಕೆ ಮಾತ್ರ ಇರೋದು. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟ್ಕೊಂಡು ಉಳಿದಿಲ್ಲ ತಾನೇ ಅಂತ ಬೆರಳಿಂದ ಮುಟ್ಟಿ ನೋಡಿ, ಎರಡು ರಿಂಗ್ ಆದ್ರೆ ಆಯಿಲ್ ಪೂರ್ತಿ ಸೋರಿ ಹೋಗುತ್ತೆ. ಹೊಸ ರಿಂಗ್‌ಗೆ ಹೊಸ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಟೈಟ್ ಮಾಡಿ, ಸ್ಪ್ಯಾನರ್ ಬೇಡ.

ಕೆಳಗೆ ಕೂತ ಗಸಿ ಪಂಪ್‌ಗೆ ಪೂರ್ತಿ ಬರಲ್ಲ, ಹಾಗಾಗಿ ಮೂರು ಸಲಕ್ಕೊಮ್ಮೆಯಾದ್ರೂ ನಟ್ ಬಿಚ್ಚಿ ಇಳಿಸೋಣ ಅನ್ಕೊಂಡಿದೀನಿ, ವಾಷರ್ ಹೊಸದು ಹಾಕಿ. ತುಂಬೋವಾಗ್ಲೂ ಅಷ್ಟೇ, ಒಳಗೆ ಸ್ವಲ್ಪ ಹಳೇದು ಉಳಿದಿರುತ್ತೆ, ಪೂರ್ತಿ ಅಳತೆ ಒಂದೇ ಸಲಕ್ಕೆ ಸುರೀಬೇಡಿ, ಎರಡೂವರೆ ಲೀಟರ್ ಹಾಕಿ ಇಂಜಿನ್ ಒಂದು ನಿಮಿಷ ಓಡಿಸಿ ಐದು ನಿಮಿಷ ಕಾದು ಡಿಪ್‌ಸ್ಟಿಕ್ ನೋಡ್ಕೊಂಡು ಸ್ವಲ್ಪ ಸ್ವಲ್ಪ ಹಾಕಿ. ವಾರಂಟಿ ಇರೋ ಗಾಡಿ ಆದ್ರೆ ಇದೆಲ್ಲ ಮಾಡೋಕೆ ಮುಂಚೆ ವಾರಂಟಿ ಪುಸ್ತಕ ಓದಿ.

ಹಳೇ ಆಯಿಲ್‌ನ ಖಾಲಿ ಕ್ಯಾನ್‌ಗೇ ತುಂಬಿ ಡೇಟ್ ಬರೆದು ಇಟ್ಟಿದ್ದೆ. ಪಕ್ಕದ ಮನೆ ಅಣ್ಣ ಗೆದ್ದಲಿಗೆ ಬಾಗಿಲ ಚೌಕಟ್ಟಿಗೆ ಹಚ್ತೀನಿ ಕೊಡಪ್ಪ ಅಂದ್ರು, ಸೆಂಟ್ರಿಂಗ್ ಶೀಟ್‌ಗೂ ಕೇಳ್ತಾರೆ, ಆದ್ರೆ ನಮ್ಮ ಬಾವಿ ಅಲ್ಲೇ ಇಪ್ಪತ್ತು ಅಡಿ ದೂರದಲ್ಲಿದೆ, ನಾನು ಕೊಡ್ಲಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಹಳೇ ಆಯಿಲ್ ಕೂಡ ಬರುತ್ತೆ, ಮೋರಿಗೆ ಸುರಿಯೋದಂತೂ ಆಗ್ಲೇಬಾರದು. ಹಳೇ ಆಯಿಲ್‌ನ ರೀಸೈಕಲ್‌ಗೆ ಕಳ್ಸೋ ಒಂದು ವರ್ಕ್‌ಶಾಪ್‌ನವರು ಅವರ ಡ್ರಮ್‌ಗೆ ಹಾಕ್ಸಿಕೊಂಡ್ರು, ದುಡ್ಡೇನೂ ಕೇಳ್ಲಿಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ತಗೊಳೋಕೆ ಮುಂಚೆ ನಿಮ್ಮ ಡಿಪ್‌ಸ್ಟಿಕ್ ತೂತಿಗೆ ಆ ಪೈಪ್ ಹೋಗುತ್ತಾ ನೋಡ್ಕೊಳ್ಳಿ, ಕೆಲವು ಗಾಡೀಲಿ ಅದು ತಳಕ್ಕೆ ಮುಟ್ಟೋದೇ ಇಲ್ಲ.