ಯೇಸುವಿನ ಬದುಕು ಕಿರುತೆರೆಯಲ್ಲಿ: ಯಾವ ಸರಣಿ ಯಾರಿಗೆ, ಯಾವುದು ಎಲ್ಲಿ ಎಡವುತ್ತದೆ

ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದು ಬರೀ 16 ಅಧ್ಯಾಯ. ಶಿಷ್ಯ ಪೇತ್ರನ ಅತ್ತೆಗೆ ಜ್ವರ ಬಂದದ್ದು ಅದರಲ್ಲಿದೆ, ಹೆಂಡತಿಯ ಹೆಸರಿಲ್ಲ. ಯೇಸುವಿಗೆ 12 ವರ್ಷವಾದಾಗಿನ ದೇವಾಲಯದ ಪ್ರಸಂಗವನ್ನು ಲೂಕ ಹೇಳುತ್ತಾನೆ. ಅಲ್ಲಿಂದ ಸುಮಾರು 30ರ ತನಕ ಏನು ನಡೆಯಿತೆಂದು ನಾಲ್ವರಲ್ಲಿ ಯಾರೂ ಬರೆದಿಲ್ಲ. ಗಂಟೆಗಟ್ಟಲೆ ಓಡಬೇಕಾದ ಟೀವಿ ಸರಣಿ ಈ ಖಾಲಿ ಜಾಗವನ್ನು ಏನಾದರೂ ಮಾಡಿ ತುಂಬಲೇಬೇಕು. ಏನನ್ನು ತುಂಬಿದರು, ಅದು ಸುವಾರ್ತೆಯ ಮಾತಿಗೆ ಬಲ ಕೊಟ್ಟಿತೋ ಅಥವಾ ಆ ಮಾತನ್ನೇ ಪಕ್ಕಕ್ಕೆ ತಳ್ಳಿತೋ ಎನ್ನುವುದೇ ನಮ್ಮ ಅಳತೆ. ನಟನ ಕಣ್ಣು ನೀಲಿಯೋ ಕಪ್ಪೋ ಎಂಬ ಚರ್ಚೆ ಆಮೇಲಿನದು.

ಒಂದೇ ಪ್ರಸಂಗವನ್ನು ಮೂರು ಸರಣಿಗಳಲ್ಲಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸುಂಕದವನಾದ ಮತ್ತಾಯನನ್ನು ಯೇಸು ಕರೆಯುವ ಪ್ರಸಂಗ ಅದು.

ಫ್ರಾಂಕೊ ಜೆಫಿರೆಲ್ಲಿ ನಿರ್ದೇಶನದ 1977ರ ‘ಜೀಸಸ್ ಆಫ್ ನಜರೆತ್’ನಲ್ಲಿ ಪೇತ್ರನಿಗೆ ಮತ್ತಾಯನನ್ನು ಕಂಡರಾಗದು. ತನ್ನ ಮೀನಿನ ದುಡ್ಡು ಕಿತ್ತುಕೊಳ್ಳುವವನ ಮನೆಗೆ ಗುರು ಊಟಕ್ಕೆ ಹೋದದ್ದು ಅವನಿಗೆ ಸಹಿಸಲಾಗದ ಸಂಗತಿ. ಅದೇ ಊಟದ ಮನೆಯಲ್ಲಿ ಯೇಸು ತಪ್ಪಿಹೋದ ಮಗನ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಹೇಳುತ್ತಾನೆ. ಪೇತ್ರ ಬಾಗಿಲಲ್ಲಿ ನಿಂತು ಕೇಳುತ್ತಾನೆ. ತಪ್ಪಿಹೋಗಿ ಬಂದ ತಮ್ಮನನ್ನು ತಂದೆ ಸ್ವಾಗತಿಸಿದ್ದಕ್ಕೆ ಸಿಟ್ಟಾಗುವ ಕಥೆಯ ಹಿರಿಯ ಮಗ ತಾನೇ ಎಂದು ಅವನಿಗೆ ಹೊಳೆಯುತ್ತದೆ. ಲೂಕನ 15ನೇ ಅಧ್ಯಾಯವನ್ನು ಮತ್ತಾಯನ ಮನೆಯ ಊಟಕ್ಕೆ ತಂದು ಜೋಡಿಸಿದ್ದು ಚಿತ್ರಕಥೆಯವರ ಕೆಲಸ, ಸುವಾರ್ತೆಯಲ್ಲಿ ಹಾಗಿಲ್ಲ. ಆದರೂ ಸಾಮ್ಯದ ಒಂದು ಮಾತೂ ಪೋಲಾಗುವುದಿಲ್ಲ. ಅದು ಯಾರಿಗೆ ಹೇಳಿದ್ದು ಎಂಬುದು ಕಣ್ಣೆದುರು ಬರುತ್ತದೆ. ಯೇಸುವಿನ ಮೇಲೆ ಬಂದ ಟೀವಿ ಕೆಲಸಗಳಲ್ಲೆಲ್ಲ ಇದಕ್ಕಿಂತ ಒಳ್ಳೆಯ ಜೋಡಣೆ ಇನ್ನೊಂದಿಲ್ಲ.

ಡಾಲಸ್ ಜೆಂಕಿನ್ಸ್ ಅವರ ‘ದಿ ಚೋಸನ್’ ಇದೇ ಹಗೆಯನ್ನು ವರ್ಷಗಟ್ಟಲೆ ಎಳೆಯುತ್ತದೆ. ಮೊದಲ ಸೀಸನ್ನಿನ ಏಳನೇ ಕಂತಿನಲ್ಲಿ ಸುಂಕದ ಕಟ್ಟೆಯ ಬಳಿ ಕರೆ ಬರುತ್ತದೆ, ಸೀಮೋನ (ಪೇತ್ರನ ಇನ್ನೊಂದು ಹೆಸರು) ಅಲ್ಲೇ ಆಕ್ಷೇಪಿಸುತ್ತಾನೆ. ಎರಡನೇ ಸೀಸನ್ನಿನಲ್ಲಿ ಬೆಂಕಿಯ ಸುತ್ತ ಕೂತವರ ನಡುವೆ ಜಗಳ ಸಿಡಿಯುತ್ತದೆ. ಏಳೆಪ್ಪತ್ತು ಸಲ ಕ್ಷಮಿಸು ಎಂಬ ಮಾತಿನ ಜೊತೆಗೆ ಅದು ಬಗೆಹರಿಯುವುದು ನಾಲ್ಕನೇ ಸೀಸನ್ನಿನಲ್ಲಿ. ತಾಳ್ಮೆ ಇರುವವರಿಗೆ ಇದು ಸಾರ್ಥಕ, ಕ್ಷಮೆ ಒಂದು ಊಟದಲ್ಲಿ ಮುಗಿಯುವಂಥದ್ದಲ್ಲ ಎಂಬುದು ಇಲ್ಲಿ ಮೈಗೆ ತಟ್ಟುತ್ತದೆ. ಮತ್ತಾಯನಾಗಿ ಭಾರತೀಯ ಮೂಲದ ಪಾರಸ್ ಪಟೇಲ್ ಇದ್ದಾರೆ. ಲೆಕ್ಕದಲ್ಲಿ ಚುರುಕು, ಜನರ ಮುಖ ನೋಡಿ ಮಾತಾಡಲು ಕಷ್ಟಪಡುವ ಆಟಿಸಂ ಇರುವ ಯುವಕನಾಗಿ ಅವನನ್ನು ಕಟ್ಟಿದ್ದಾರೆ. ಬೈಬಲಿನಲ್ಲಿ ಇದಕ್ಕೆ ಆಧಾರವಿಲ್ಲ, ವಿರೋಧವೂ ಇಲ್ಲ.

ಹಿಸ್ಟರಿ ಚಾನೆಲ್ಲಿನ 2013ರ ‘ದಿ ಬೈಬಲ್’ನಲ್ಲಿ ಇದೇ ಪ್ರಸಂಗ ಗಳಿಗೆಯಲ್ಲಿ ಮುಗಿದುಹೋಗುತ್ತದೆ. ಫರಿಸಾಯ (ಕಟ್ಟುನಿಟ್ಟಿನ ಯೆಹೂದಿ ಧರ್ಮಪಂಥದವ) ಮತ್ತು ಸುಂಕದವನ ಪ್ರಾರ್ಥನೆಯ ಸಾಮ್ಯವನ್ನು ಮತ್ತಾಯನ ಎದುರೇ ಹೇಳಿಸಿದ್ದು ಒಳ್ಳೆಯ ಯೋಚನೆಯೇ. ಆದರೆ ಆ ಮನುಷ್ಯ ಯಾರೆಂದು ನಮಗೆ ಗೊತ್ತಾಗುವ ಮೊದಲೇ ಅವನ ಕಣ್ಣೀರು ಬರುತ್ತದೆ, ನಮಗೆ ಬರುವುದಿಲ್ಲ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಕೊನೆಯ ಪುಸ್ತಕ ಪ್ರಕಟನೆಯ ತನಕ ಹತ್ತು ಕಂತಿನಲ್ಲಿ ಓಡಬೇಕಾದ ಅವಸರ ಅಲ್ಲಿದೆ. ಯೇಸುವಿನಿಂದ ಮುಂದಿನ ಭಾಗವಾದ ಹೊಸ ಒಡಂಬಡಿಕೆಯ ಪಾಲಿಗೆ ಬಂದದ್ದು ಐದೇ ಕಂತು. ಮೀನು ಹಿಡಿಯುವವನಿಗೆ ‘ಇನ್ನು ಮೇಲೆ ಮನುಷ್ಯರನ್ನು ಹಿಡಿಯುವೆ’ ಎನ್ನುವ ಲೂಕನ ಮಾತಿನ ಜಾಗದಲ್ಲಿ ಯೇಸು ‘ಜಗತ್ತನ್ನು ಬದಲಿಸೋಣ’ ಎನ್ನುತ್ತಾನೆ. ಎಲ್ಲಿ ಬೇಕಾದರೂ ಹೇಳಬಹುದಾದ ಮಾತು ಅದು; ಬಲೆ, ದೋಣಿ, ಮೀನು ಯಾವುದೂ ಅದಕ್ಕೆ ಬೇಕಿಲ್ಲ. ದೃಶ್ಯಗಳು ಅದ್ದೂರಿ, ಹಾನ್ಸ್ ಜಿಮ್ಮರ್ ಸಂಗೀತವಿದೆ. ಕಥೆಯೇ ಗೊತ್ತಿಲ್ಲದವರಿಗೆ ಒಂದು ನಕಾಶೆಯಾಗಿ ಸಾಕು. ಇದರ ಯೇಸುವಿನ ಭಾಗವನ್ನೇ ಕತ್ತರಿಸಿ 2014ರಲ್ಲಿ ‘ಸನ್ ಆಫ್ ಗಾಡ್’ ಸಿನಿಮಾ ಮಾಡಿದರು, ಎರಡನ್ನೂ ನೋಡುವ ಅಗತ್ಯವಿಲ್ಲ.

1977ರದಕ್ಕೂ ದೋಷಗಳಿವೆ. ಕಾನಾ ಊರಿನ ಮದುವೆ ಇಲ್ಲ, ಅರಣ್ಯದಲ್ಲಿ ಸೈತಾನ ಯೇಸುವನ್ನು ಪರೀಕ್ಷಿಸಿದ ಶೋಧನೆ ಇಲ್ಲ, ನೀರಿನ ಮೇಲೆ ನಡೆದದ್ದೂ ಇಲ್ಲ. ಯೇಸುವಾಗಿ ನಟಿಸಿದ ರಾಬರ್ಟ್ ಪೊವೆಲ್ ಕಣ್ಣು ರೆಪ್ಪೆ ಬಡಿಯುವುದೇ ಅಪರೂಪ. ನಿರ್ದೇಶಕರು ಬೇಕೆಂದೇ ಹಾಗೆ ಮಾಡಿಸಿದ್ದು. ಕೆಲವರಿಗೆ ಅದು ದೈವಿಕ ಗಾಂಭೀರ್ಯ, ಕೆಲವರಿಗೆ ಪೀಠದ ಮೇಲಿನ ಪ್ರತಿಮೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ದ್ರೋಹದ ಹೊರೆಯನ್ನು ಜೆರಾ ಎಂಬ ಕಲ್ಪಿತ ಶಾಸ್ತ್ರಿಯ ತಲೆಗೆ ಕಟ್ಟಿದ್ದು ದೊಡ್ಡ ತಪ್ಪು: ಯೂದ ಮೋಸಹೋದ ಅಮಾಯಕನಾಗುತ್ತಾನೆ, 30 ಬೆಳ್ಳಿ ನಾಣ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಆದರೆ ನಿಕೊದೇಮನಾಗಿ ಲಾರೆನ್ಸ್ ಒಲಿವಿಯರ್ ಶಿಲುಬೆಯ ಬಳಿ ನಿಂತು ಯೆಶಾಯ 53ನ್ನು ಉಚ್ಚರಿಸುವಾಗ ಈ ಎಲ್ಲ ತಕರಾರೂ ಹಿಂದೆ ಸರಿಯುತ್ತದೆ.

‘ದಿ ಚೋಸನ್’ ಮೇಲಿನ ಜಗಳ ಬೇರೆಯದು. ಇಲ್ಲಿ ಕಲ್ಪನೆಯೇ ಹೆಚ್ಚು. ಜೊನಾಥನ್ ರೂಮಿಯ ಯೇಸು ನಗುತ್ತಾನೆ, ದಣಿಯುತ್ತಾನೆ, ಮಕ್ಕಳ ಜೊತೆ ಹರಟುತ್ತಾನೆ. ಪೇತ್ರನಿಗೆ ಏದೆನ್ ಎಂಬ ಹೆಂಡತಿಯನ್ನು ಕೊಟ್ಟು, ಮೂರನೇ ಸೀಸನ್ನಿನಲ್ಲಿ ಅವಳಿಗೆ ಗರ್ಭಸ್ರಾವವಾಗುವ ಪ್ರಸಂಗ ಹೆಣೆದಿದ್ದಾರೆ. ಬೇರೆಯವರನ್ನೆಲ್ಲ ವಾಸಿಮಾಡುವ ಗುರು ನನ್ನ ಮನೆಯಲ್ಲಿ ಏಕೆ ಸುಮ್ಮನಿದ್ದ ಎಂಬ ಸಿಟ್ಟಿನಲ್ಲೇ ಪೇತ್ರ ಆ ರಾತ್ರಿ ದೋಣಿಯಿಂದ ನೀರಿಗೆ ಕಾಲಿಡುತ್ತಾನೆ. ಮತ್ತಾಯ 14ರ ‘ಅಲ್ಪವಿಶ್ವಾಸಿಯೇ, ಏಕೆ ಸಂದೇಹಪಟ್ಟೆ’ ಎಂಬ ಮಾತಿಗೆ ಇದು ಹೊಸ ತೂಕ ಕೊಡುತ್ತದೆ. ನಾಲ್ಕನೇ ಸೀಸನ್ನಿನಲ್ಲಿ ಶಿಷ್ಯ ತೋಮನಿಗೆ ನಿಶ್ಚಯವಾಗಿದ್ದ ರಾಮಾ ಎಂಬ ಕಲ್ಪಿತ ಹುಡುಗಿ ರೋಮನ್ ಅಧಿಕಾರಿಯ ಕತ್ತಿಗೆ ಸಿಕ್ಕಿ ಸಾಯುತ್ತಾಳೆ; ಯೇಸು ಅವಳನ್ನು ಸಾವಿನಿಂದ ಎಬ್ಬಿಸುವುದಿಲ್ಲ. ಯಾಯಿರನ ಮಗಳನ್ನು ಎಬ್ಬಿಸಿದ್ದನ್ನೂ ಲಾಜರನನ್ನು ಎಬ್ಬಿಸುವುದನ್ನೂ ತೋರಿಸುವ ಸರಣಿಯಲ್ಲಿ ಈ ನಿರಾಕರಣೆಗೆ ಯೇಸುವಿನ ಬಾಯಲ್ಲಿ ಸಮಜಾಯಿಷಿ ಹಾಕಬೇಕಾಯಿತು. ಸುವಾರ್ತೆಯಲ್ಲಿ ಇಲ್ಲದ ಪ್ರಶ್ನೆಯನ್ನು ತಾವೇ ಹುಟ್ಟುಹಾಕಿ, ಅದರ ಉತ್ತರವನ್ನು ಯೇಸುವಿನಿಂದ ಹೇಳಿಸುವುದು ಗೆರೆ ದಾಟಿದಂತೆ. ಅನೇಕ ನೋಡುಗರು ಸಿಟ್ಟಾದದ್ದು ಸರಿಯಾಗಿಯೇ ಇದೆ.

ಇದನ್ನು ಶುರುಮಾಡುವವರು ಎರಡು ವಿಷಯ ತಿಳಿದಿರಬೇಕು. ಮೊದಲ ಕಂತಿನಲ್ಲಿ ಯೇಸು ಬರುವುದು ಕೊನೆಗೆ ಮಾತ್ರ. ಅಲ್ಲಿಯ ತನಕ ದೆವ್ವಹಿಡಿದ ಮಗ್ದಲದ ಮರಿಯಳ ಕಥೆ, ಪುಟ್ಟ ಮಕ್ಕಳಿಗೆ ಭಯವಾಗುತ್ತದೆ. ಚಿಕ್ಕವರಿದ್ದರೆ ಮೂರನೇ ಕಂತಿನಿಂದ ಆರಂಭಿಸಿ. ಅದು ಯೇಸು ಮತ್ತು ಮಕ್ಕಳ ಕಂತು, ಬಿಡಿಯಾಗಿಯೂ ಅರ್ಥವಾಗುತ್ತದೆ. ಎರಡನೆಯದಾಗಿ, ಏಳು ಸೀಸನ್ನುಗಳ ಯೋಜನೆ ಇದು. ಐದನೆಯದು ಕೊನೆಯ ಭೋಜನದ ವಾರದ್ದು. ನಡುವಿನಿಂದ ಹೊಕ್ಕರೆ ಯಾರು ಯಾರೆಂದೇ ತಿಳಿಯದು.

ಶ್ರಮೆಯ ವಾರಕ್ಕೆ ಮಾತ್ರ ಬೇಕೆಂದರೆ ಬಿಬಿಸಿಯ 2008ರ ‘ದಿ ಪ್ಯಾಶನ್’ ಉತ್ತಮ. ಒಟ್ಟು ಮೂರು ಗಂಟೆ, ಗರಿಗಳ ಭಾನುವಾರದಿಂದ ಪುನರುತ್ಥಾನದ ತನಕ. ಇಲ್ಲಿ ಮಹಾಯಾಜಕ ಕಾಯಫ ಖಳನಲ್ಲ, ಹಬ್ಬಕ್ಕೆ ಸೇರಿದ ಜನ ದಂಗೆ ಎದ್ದರೆ ರೋಮನ್ನರು ಯೆರೂಸಲೇಮನ್ನು ಏನು ಮಾಡಿಯಾರು ಎಂದು ಹೆದರಿದ ಆಡಳಿತಗಾರ. ಯೋಹಾನ 11:50ರ ‘ಜನರಿಗೋಸ್ಕರ ಒಬ್ಬನು ಸಾಯುವುದು ಮೇಲು’ ಎಂಬ ಮಾತು ಇದರಿಂದ ಹೆಚ್ಚು ಭಯಂಕರವಾಗಿ ಕೇಳಿಸುತ್ತದೆ. ಶಿಲುಬೆಯ ಮೇಲೆ ಕಾಲು ಮಡಿಸಿದ ಭಂಗಿಯನ್ನು ಕಂಡು ಹಲವರಿಗೆ ಕಸಿವಿಸಿಯಾಯಿತು. ಚರ್ಚಿನ ಚಿತ್ರಗಳಿಗೆ ಒಗ್ಗಿದ ಕಣ್ಣಿಗೆ ಅದು ಸಹಜ. ಕ್ರಿಸ್ಮಸ್‌ಗೆ ಬಿಬಿಸಿಯದೇ 2010ರ ‘ದಿ ನೇಟಿವಿಟಿ’ ಇದೆ, ಅರ್ಧರ್ಧ ಗಂಟೆಯ ನಾಲ್ಕು ಕಂತು.

1999ರ ‘ಜೀಸಸ್’ನಲ್ಲಿ ಯೇಸುವಾಗಿ ಜೆರೆಮಿ ಸಿಸ್ಟೊ ಯೌವನದ ಉತ್ಸಾಹ ತುಂಬಿದ್ದಾರೆ. ಸೈತಾನ ಈ ಕಾಲದ ಸೂಟು ತೊಟ್ಟು ಬಂದು, ಬಂಧನಕ್ಕೆ ಮೊದಲು ಯೇಸು ಪ್ರಾರ್ಥಿಸಿದ ಗೆತ್ಸೇಮನೆ ತೋಟದಲ್ಲಿ ಅವನ ಹೆಸರಿನಲ್ಲೇ ಮುಂದೆ ನಡೆಯುವ ಯುದ್ಧಗಳನ್ನು ತೋರಿಸುವುದು ಧೈರ್ಯದ ಕಲ್ಪನೆ. ಉಳಿದದ್ದು ಸಾಧಾರಣ.

ಕನ್ನಡದಲ್ಲೇ ಕೇಳಬೇಕೆನ್ನುವ ಹಿರಿಯರಿಗೆ ಲೂಕನ ಸುವಾರ್ತೆಯನ್ನು ಆಧರಿಸಿದ 1979ರ ‘ಜೀಸಸ್’ ಚಿತ್ರದ ಡಬ್ಬಿಂಗ್ ಇದೆ. ಇದು ಧಾರಾವಾಹಿಯಲ್ಲ, ಸುಮಾರು ಎರಡು ಗಂಟೆಯ ಸಿನಿಮಾ. ಕಲ್ಪನೆ ಅತಿ ಕಡಿಮೆ, ನಾಟಕೀಯತೆಯೂ ಕಡಿಮೆ. ಹಿಂದಿಯಲ್ಲಿ 2020ರ ಡಿಸೆಂಬರಿನಲ್ಲಿ ಆ್ಯಂಡ್ ಟೀವಿಯಲ್ಲಿ ಆರಂಭವಾದ ‘ಯೇಶು’ ತಾಯಿ ಮತ್ತು ಬಾಲಕನ ಸುತ್ತ ತಿರುಗುತ್ತದೆ. ಸುವಾರ್ತೆಗಳು ಮೌನವಾಗಿರುವ ವರ್ಷಗಳನ್ನೇ ಆರಿಸಿಕೊಂಡದ್ದರಿಂದ ಬಹುಪಾಲು ಕಲ್ಪನೆಯೇ. ಮನೆಮಂದಿಯ ಧಾರಾವಾಹಿಯ ಲಯ ಇಷ್ಟವಿದ್ದರೆ ನೋಡಬಹುದು, ಪಾಠಕ್ಕೆ ಬಳಸಬಾರದು.

ಮನೆಯಲ್ಲಿ ಒಂದನ್ನೇ ಆರಿಸಬೇಕಾದರೆ 1977ರದನ್ನೇ ಆರಿಸಿ. ಪೂರ್ತಿ ಅವಧಿ 382 ನಿಮಿಷ; ಅದಕ್ಕಿಂತ ಬಹಳ ಕಡಿಮೆ ಇದ್ದರೆ ದೃಶ್ಯಗಳನ್ನು ಕತ್ತರಿಸಿದ್ದಾರೆ ಎಂದೇ ಅರ್ಥ. ದಿನಕ್ಕೆ ಸುಮಾರು 95 ನಿಮಿಷದಂತೆ ನಾಲ್ಕು ಸಂಜೆಗೆ ಹಂಚಿಕೊಳ್ಳಿ. ಹಳೆಯ ಟೀವಿಯ ಕಾಲದ ಚಿತ್ರೀಕರಣ ಆದ್ದರಿಂದ 4:3 ಪ್ರತಿ ಸಿಕ್ಕರೆ ಹಿಗ್ಗಿಸಬೇಡಿ, ಮುಖಗಳು ಅಗಲವಾಗುತ್ತವೆ. ಪಕ್ಕದ ಕಪ್ಪು ಪಟ್ಟಿ ಇದ್ದರೆ ಇರಲಿ. ಇಂಗ್ಲಿಷ್ ಉಚ್ಚಾರಣೆ ಹಿಡಿಯದವರಿಗೆ ಸಬ್‌ಟೈಟಲ್ ಹಾಕಿಡಿ. ಮತ್ತಾಯನ ಮನೆಯ ಊಟ ಬರುವ ಸಂಜೆಗೆ ಮೊದಲು ಲೂಕ 15:11ರಿಂದ 32ರ ತನಕ ಎಲ್ಲರೂ ಕೂಡಿ ಒಮ್ಮೆ ಓದಿಕೊಂಡರೆ, ಬಾಗಿಲಲ್ಲಿ ನಿಂತ ಪೇತ್ರನನ್ನು ಕ್ಯಾಮೆರಾ ಏಕೆ ಮತ್ತೆ ಮತ್ತೆ ತೋರಿಸುತ್ತದೆಂದು ಮಕ್ಕಳಿಗೂ ಗೊತ್ತಾಗುತ್ತದೆ.