ರಾತ್ರಿಯ ಬಯಲಾಟಕ್ಕೆ ಯಾವ ಲೆನ್ಸ್: 18–55 ಝೂಮ್ ಮತ್ತು 50 ಎಂಎಂ ಪ್ರೈಮ್

ಕುಂದಾಪುರದ ಸುತ್ತಮುತ್ತಲಿನ ಯಕ್ಷಗಾನ ಬಯಲಾಟಗಳನ್ನು ಎರಡು ತಿರುಗಾಟಗಳ (ಮೇಳಗಳು ಊರೂರು ಸುತ್ತುವ ಋತು) ಕಾಲ ಕ್ಯಾಮೆರಾದೊಡನೆ ಬಂದ 18–55 ಎಂಎಂ ಝೂಮ್ ಲೆನ್ಸಿನಲ್ಲೇ ತೆಗೆದೆ. ಮೂರನೆಯ ತಿರುಗಾಟಕ್ಕೆ 6,500 ರೂಪಾಯಿ ಕೊಟ್ಟು, ಒಬ್ಬರು ಬಳಸಿದ 50 ಎಂಎಂ ಎಫ್/1.8 ಪ್ರೈಮ್ (ಝೂಮ್ ಆಗದ) ಲೆನ್ಸನ್ನು ಕೊಂಡ ಮೇಲೆ ರಂಗಸ್ಥಳದ ಮುಂದೆ ಹಳೆಯದನ್ನು ಹೊರತೆಗೆದಿಲ್ಲ.

ಝೂಮನ್ನು 50 ಎಂಎಂವರೆಗೆ ಎಳೆದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಂಡಿ; ಎಫ್ ಸಂಖ್ಯೆ ಇಳಿದಷ್ಟೂ ಅದು ಅಗಲ) ಎಫ್/5.6ಕ್ಕಿಂತ ಹೆಚ್ಚು ತೆರೆಯದು. ಅಲ್ಲಿಂದ 4, 2.8, 2 ಎಂದು ಇಳಿಯುವ ಒಂದೊಂದು ಹೆಜ್ಜೆಗೂ, ಅಂದರೆ ಸ್ಟಾಪಿಗೂ, ಬೆಳಕು ಇಮ್ಮಡಿಯಾಗುವುದರಿಂದ, ಮೂರು ಸ್ಟಾಪಿಗೆ ಎಂಟು ಪಟ್ಟಾಗುತ್ತದೆ. ಅದೇ ದೀಪ, ಅದೇ 1/100 ಸೆಕೆಂಡಿನ ಶಟರ್. ಝೂಮಿಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400 ಬೇಕಾದಲ್ಲಿ ಎಫ್/2ಕ್ಕೆ ತೆರೆದ ಪ್ರೈಮಿಗೆ 800 ಸಾಕು. 6400ರಲ್ಲಿ ಮುಖವರ್ಣಿಕೆಯ ಗೆರೆಗಳು ಕಾಳುಕಾಳಾಗಿ ಕದಡುತ್ತಿದ್ದವು. 800ರಲ್ಲಿ ಕೇದಗೆ ಮುಂದಲೆಯೆಂಬ ತಲೆಯುಡುಗೆಯ ಜರಿಯೂ ಸ್ಪಷ್ಟವಾಗಿ ಮೂಡುತ್ತದೆ.

ಆದರೆ ಮೊದಲ ರಾತ್ರಿ ಈ ಲೆನ್ಸ್ ನನ್ನನ್ನು ಕಂಗೆಡಿಸಿತು. ಬೆಳಕು ಧಾರಾಳವಾಗಿ ದಕ್ಕಿತೆಂದು, ದಿಗಿಣ (ಸುತ್ತುತ್ತ ಹಾರುವ ಕುಣಿತ) ಹಿಡಿಯಲು ಶಟರನ್ನು 1/500ಕ್ಕೆ ಏರಿಸಿದ್ದೆ. ಮನೆಯಲ್ಲಿ ನೋಡಿದರೆ ಚಿತ್ರಗಳ ಮೇಲೆಲ್ಲ ಅಡ್ಡ ಪಟ್ಟೆಗಳು. ಒಂದರಲ್ಲಿ ಮುಖ ಮಂಕು, ಮುಂದಿನದರಲ್ಲಿ ಸೊಂಟ ಮಂಕು. ಲೆನ್ಸ್ ಕೆಟ್ಟಿದೆಯೆಂದು ಮಾರಿದವರಿಗೆ ಹಿಂದಿರುಗಿಸಲು ಹೊರಟೇಬಿಟ್ಟಿದ್ದೆ.

ದೋಷವಿದ್ದುದು ದೀಪದಲ್ಲಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್ಇಡಿ ಫ್ಲಡ್‌ಲೈಟು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಣ್ಣಿಗೆ ಅದು ಕಾಣದು. 1/500ರಲ್ಲಿ ಶಟರಿನ ಎರಡು ಪರದೆಗಳ ನಡುವಿನ ಸೀಳು ಸೆನ್ಸರಿನ ಮೇಲೆ ಸರಿದುಹೋಗುವಷ್ಟರಲ್ಲೇ ಬೆಳಕು ಏರಿಯೋ ಇಳಿದೋ ಇರುತ್ತದೆ. 1/100ಕ್ಕೆ ಇಳಿಸಿದರೆ ಚಿತ್ರದ ಪ್ರತಿ ಭಾಗಕ್ಕೂ ಒಂದು ಪೂರ್ತಿ ಮಿನುಗು ಸಿಕ್ಕಿ ಪಟ್ಟೆಗಳು ಮಾಯವಾಗುತ್ತವೆ. ಝೂಮಿನಲ್ಲಿ 1/100ನ್ನು ದಾಟುವ ಶಕ್ತಿಯೇ ಇರಲಿಲ್ಲವಾದ್ದರಿಂದ ಈ ತೊಂದರೆ ನನಗೆ ಅಲ್ಲಿಯವರೆಗೆ ಕಂಡಿರಲಿಲ್ಲ. ಈಗ ದಿಗಿಣದ ಸುತ್ತು ಮುಗಿದು ಕಲಾವಿದರು ನಿಲ್ಲುವ ಕ್ಷಣಕ್ಕೆ ಕಾಯುತ್ತೇನೆ.

ಹಿಂದಿನ ಕಪ್ಪು ಆಕಾಶವನ್ನೂ ಬೂದಿಬಣ್ಣಕ್ಕೆ ತರಲು ಹವಣಿಸುವ ಕ್ಯಾಮೆರಾದ ಮಾಪಕ, ಯಾವ ಲೆನ್ಸ್ ಹಾಕಿದರೂ ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಮುಖದ ಬೆಳಕನ್ನಷ್ಟೇ ಒಮ್ಮೆ ಅಳೆದು, ಮ್ಯಾನುಯಲ್‌ನಲ್ಲಿಟ್ಟು, ದೀಪ ಬದಲಾಗುವವರೆಗೆ ಮುಟ್ಟದಿರುವುದೇ ಪರಿಹಾರ. ಫ್ಲಾಶ್ ಬಳಸುವುದಿಲ್ಲ, ಕುಣಿಯುವವರ ಕಣ್ಣನ್ನು ಅದು ಕುಕ್ಕುತ್ತದೆ.

ಎಫ್/2.8 ಝೂಮಿನ ಬೆಲೆ ನನ್ನ ಕೈಗೆ ಎಟುಕುವುದಿಲ್ಲ. ರಂಗಸ್ಥಳಕ್ಕೆ ಹತ್ತಿರ ಕುಳಿತು ಒಂದೊಂದೇ ವೇಷದ ಭಾವವನ್ನು ಹಿಡಿಯುವ ನನಗೆ ಪ್ರೈಮ್ ಸಾಕು. ಚೌಕಿಯ ಇಕ್ಕಟ್ಟಿನಲ್ಲಿ ಬಣ್ಣ ಹಚ್ಚಿಕೊಳ್ಳುವ ನಾಲ್ಕೈದು ಮಂದಿಯನ್ನು ಒಂದೇ ಚಿತ್ರದಲ್ಲಿ ತರಬೇಕಾದಾಗ ಮಾತ್ರ ಝೂಮಿನ 18 ಎಂಎಂ ಇಂದಿಗೂ ಬೇಕಾಗುತ್ತದೆ.