ತುರಿಸುವ ನಾಯಿಗೆ ಯಾವ ಊಟ? ನಾವು ಹಿಡಿದು ನೋಡಿದ ಮೂರು ದಾರಿ

ನಮ್ಮ ಧಾರವಾಡದ ಓಣಿಗಳಲ್ಲಿ ನಾಯಿಯ ಊಟ ಅಂದರೆ ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ, ಭಾನುವಾರಕ್ಕೊಮ್ಮೆ ಕೋಳಿ. ಮುಧೋಳ ಮಿಶ್ರತಳಿಯ ನಮ್ಮ ಚಂಪಿಯೂ ಹೀಗೇ ಬೆಳೆದಳು. ಆಮೇಲೆ ಪಾದ ನೆಕ್ಕಿ ನೆಕ್ಕಿ ಕೂದಲು ಕಂದಾಯಿತು, ಕಿವಿ ಕೆಂಪಾಗಿ ವಾಸನೆ ಹೊಡೆಯತೊಡಗಿತು. ಕಾಂಗ್ರೆಸ್ ಕಸ ಹೂಬಿಡುವ ದಿನಗಳಲ್ಲಷ್ಟೇ ತುರಿಸಿದ್ದರೆ ಪರಾಗದ ಕಾಟ ಅನ್ನಬಹುದಿತ್ತು. ಇದು ವರ್ಷವಿಡೀ ಇತ್ತು. ಚಿಗಟಕ್ಕೆ ಔಷಧ ಹಾಕಿ, ಕಿವಿಯ ಸೋಂಕು ವಾಸಿಯಾದ ಮೇಲೂ ನಿಲ್ಲದಿದ್ದಾಗ ವೈದ್ಯರು ಊಟದ ಕಡೆ ಬೊಟ್ಟು ಮಾಡಿದರು.

ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಗ್ರೇನ್ ಫ್ರೀ, ಅಂದರೆ ಧಾನ್ಯವಿಲ್ಲದ ಆಹಾರದ ಚೀಲ. ಅದನ್ನೂ ತಿನ್ನಿಸಿದೆವು, ತುರಿಕೆ ಇದ್ದಲ್ಲೇ ಇತ್ತು. ಕಾರಣ ಸರಳ: ನಾಯಿಗಳಿಗೆ ಹೆಚ್ಚಾಗಿ ಒಗ್ಗದಿರುವುದು ದನದ ಮಾಂಸ, ಹಾಲು, ಕೋಳಿ; ಗೋಧಿಯ ಹೆಸರು ಬರುವುದು ಅವುಗಳ ನಂತರ. ಆ ಚೀಲದ ಹಿಂಬದಿಯ ಸಣ್ಣಕ್ಷರದಲ್ಲಿ ಕೋಳಿ ಇತ್ತು. ಮೇಲಾಗಿ, ಇಂಥ ಆಹಾರಕ್ಕೂ ನಾಯಿಗಳ ಹೃದಯದ ಕಾಯಿಲೆಗೂ ಸಂಬಂಧವಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಿಂದ ಪರಿಶೀಲಿಸಿದೆ. ಅಲರ್ಜಿಗೆಂದು ಇದಕ್ಕೆ ದುಡ್ಡು ಸುರಿಯಬೇಡಿ.

ಎರಡನೆಯದು ವೈದ್ಯರು ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರ. ಇದರಲ್ಲಿ ಪ್ರೋಟೀನನ್ನು ಎಷ್ಟು ಸಣ್ಣದಾಗಿ ಒಡೆದಿರುತ್ತಾರೆಂದರೆ ದೇಹದ ರಕ್ಷಣಾ ವ್ಯವಸ್ಥೆ ಸಾಮಾನ್ಯವಾಗಿ ಅದನ್ನು ಗುರುತು ಹಿಡಿಯುವುದಿಲ್ಲ. ತುಟ್ಟಿ, ಬಹಳ ತುಟ್ಟಿ. ಧಾರವಾಡದಲ್ಲಿ ಸಿಗದೆ ಹುಬ್ಬಳ್ಳಿಯಿಂದ ಹೇಳಿ ತರಿಸಬೇಕಾಯಿತು. ಚಂಪಿ ಮೊದಮೊದಲು ಮೂಸಿ ಹೊರಟುಹೋಗುತ್ತಿದ್ದಳು. ಹಳೆಯ ಊಟದಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತ ಒಂದು ವಾರದಲ್ಲಿ ಬದಲಾಯಿಸಿದೆವು. ಫಲ ಮಾತ್ರ ಸ್ಪಷ್ಟ. ಮೊದಲು ಮಲ ಗಟ್ಟಿಯಾಯಿತು, ಚರ್ಮ ತಿಳಿಯಾಗಲು ಇನ್ನಷ್ಟು ಕಾಲ ಹಿಡಿಯಿತು. ಚರ್ಮದ ತೊಂದರೆಗೆ ಕನಿಷ್ಠ 8 ವಾರ ಕಾಯಬೇಕು ಎನ್ನುವುದು ಅದಕ್ಕೇ. ಎರಡು ವಾರಕ್ಕೆ ಕೈಬಿಟ್ಟರೆ ಏನೂ ತಿಳಿಯುವುದಿಲ್ಲ.

ಮೂರನೆಯದು ಮನೆಯ ಅಡುಗೆ: ಚಂಪಿ ಹಿಂದೆಂದೂ ತಿನ್ನದ ಒಂದೇ ಪ್ರೋಟೀನು, ಒಂದೇ ಪಿಷ್ಟ. ನಾವು ಆರಿಸಿದ್ದು ಮುಳ್ಳು ತೆಗೆದು ಬೇಯಿಸಿದ ಮೀನು, ಜೊತೆಗೆ ಗೆಣಸು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಬಟ್ಟಲಿಗೆ ಹಾಕುವ ಮೊದಲೇ ಕುಣಿಯುತ್ತಿದ್ದಳು, ಮೈ ಹೊಳಪೂ ಬಂತು. ಆದರೆ ಮೀನು-ಗೆಣಸಿನಲ್ಲಿ ಕ್ಯಾಲ್ಸಿಯಂ ಸಾಲದು, ಸತು, ಅಯೋಡಿನ್, ವಿಟಮಿನ್‌ಗಳ ಲೆಕ್ಕವೂ ತಪ್ಪುತ್ತದೆ. ಕೆಲವು ವಾರ ನಡೆದೀತು, ವರ್ಷಗಟ್ಟಲೆ ನಡೆಯದು. ಮೊಟ್ಟೆ ಸಿಪ್ಪೆಯ ಪುಡಿ ಹಾಕಿ ಎಂದವರಿದ್ದರು. ಮೊಟ್ಟೆಯೇ ಇನ್ನೂ ಅನುಮಾನದ ಪಟ್ಟಿಯಲ್ಲಿದ್ದಾಗ ಅದು ಬೇಡವೆಂದು, ವೈದ್ಯರು ತೂಕ ನೋಡಿ ಹೇಳಿದ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಪೂರಕಗಳನ್ನೇ ಸೇರಿಸಿದೆವು.

ಹಾಗಾಗಿ ನನ್ನ ತೀರ್ಪು ಇದು: ಕಾರಣ ಹುಡುಕುವ ವಾರಗಳಿಗೆ ಹೈಡ್ರೊಲೈಸ್ಡ್ ಆಹಾರವೇ ಮೇಲು, ಅಳತೆಯ ತಲೆನೋವಿಲ್ಲ. ಮುಂದಿನ ಬಾಳಿಗೆ, ಪೂರಕಗಳನ್ನು ಒಂದು ದಿನವೂ ಬಿಡದೆ ಹಾಕುವ ಮನೆಯಿದ್ದರೆ, ಅಡುಗೆ.

ಆದರೆ ಯಾವ ದಾರಿಯೂ ಗೇಟಿನಾಚೆಯ ಪ್ರೀತಿಯ ಮುಂದೆ ನಿಲ್ಲುವುದಿಲ್ಲ. ಪಕ್ಕದ ಮನೆಯ ಅಜ್ಜಿ ದಿನಾ ಹಾಲು-ರೊಟ್ಟಿ ತರುತ್ತಿದ್ದರು. ಅವರಿಗೆ ಕೂತು ತಿಳಿಸಿ ಹೇಳಿದೆವು, ಈಗ ಬೇಯಿಸಿದ ಗೆಣಸಿನ ಹೋಳು ತರುತ್ತಾರೆ. ಮಾಂಸದ ರುಚಿ ಬೆರೆಸಿದ ಜಂತುಹುಳದ ಮಾತ್ರೆಯೂ ಊಟದ ಈ ಪರೀಕ್ಷೆ ಕೆಡಿಸುತ್ತದೆ. ರುಚಿಯಿಲ್ಲದ್ದನ್ನು ಕೇಳಿ ಪಡೆಯಿರಿ. ರಕ್ತಪರೀಕ್ಷೆಯಲ್ಲೇ ಎಲ್ಲ ತಿಳಿಯುತ್ತದೆ ಎಂದರೆ ನಂಬಬೇಡಿ, ಆಹಾರದ ಅಲರ್ಜಿಗೆ ಅದು ಭರವಸೆಯದಲ್ಲ. ಆರೋಗ್ಯವಂತ ನಾಯಿಗೂ ಪಾಸಿಟಿವ್ ಬರುವುದುಂಟು.

ತುರಿಕೆ ನಿಂತ ಮೇಲೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಮರಳಿ ಕೊಟ್ಟು ನೋಡಲೇಬೇಕು, ಪ್ರತಿಯೊಂದನ್ನೂ ಎರಡು ವಾರದವರೆಗೆ. ಜೋಳದ ರೊಟ್ಟಿ ಚಂಪಿಗೆ ಒಗ್ಗಿತು. ಹಾಲು ಕೊಟ್ಟ ಕೆಲವೇ ದಿನಕ್ಕೆ ಕಿವಿ ಮತ್ತೆ ಕೆಂಪಾಯಿತು, ಕೋಳಿಗೂ ಹಾಗೆಯೇ. ಈಗ ಅವಳ ಬಟ್ಟಲಲ್ಲಿ ಮೀನು, ಗೆಣಸು, ರೊಟ್ಟಿ ಮತ್ತು ಅಳೆದು ಹಾಕಿದ ಪೂರಕಗಳು. ಮೊಟ್ಟೆಯ ಸರದಿ ಮುಂದಿನ ತಿಂಗಳು.